ಕಂಟೇನರ್ ಮೂಲ ಕಡತ ವ್ಯವಸ್ಥೆಯ ನಿರ್ಮಾಣ

ಕಂಟೇನರ್ ಮೂಲ ಕಡತ ವ್ಯವಸ್ಥೆಯ ನಿರ್ಮಾಣ ಎಂಬುದು ಪದರಗಳ ರೂಪದಲ್ಲಿ ಸಂಗ್ರಹವಾಗಿರುವ ಕಂಟೇನರ್ ಇಮೇಜ್ ಒಂದನ್ನು ಬಿಡಿಸಿ, ಅದನ್ನು ಲಿನಕ್ಸ್ ಪ್ರಕ್ರಿಯೆಯೊಂದು ಬಳಸಬಲ್ಲ ಒಂದೇ ಕಡತವೃಕ್ಷವನ್ನಾಗಿ ಜೋಡಿಸುವ ಕಾರ್ಯವಾಗಿದೆ. ಹೀಗೆ ದೊರೆಯುವ ಕಡತವೃಕ್ಷವನ್ನು ಮೂಲ ಕಡತ ವ್ಯವಸ್ಥೆ ಅಥವಾ ರೂಟ್‌ಎಫ್‌ಎಸ್ ಎಂದು ಕರೆಯುತ್ತಾರೆ. ಕಂಟೇನರಿನ ಒಳಗೆ ನಡೆಯುವ ತಂತ್ರಾಂಶಕ್ಕೆ ಇದೇ ಸಮಸ್ತ ಲೋಕ. ಅದಕ್ಕೆ ಬೇಕಾದ ಗ್ರಂಥಾಲಯಗಳು, ಸಂರಚನಾ ಕಡತಗಳು ಮತ್ತು ಆಜ್ಞೆಗಳು ಇದರಲ್ಲಿಯೇ ಇರುತ್ತವೆ. ಈ ಕಾರ್ಯವನ್ನು ಮಾಡುವ ಉಪಕರಣಗಳಲ್ಲಿ ಊಮೋಚಿ, ಕಂಟೇನರ್‌ಡಿ, ಪಾಡ್‌ಮನ್ ಹಾಗೂ ಡಾಕರ್ ಪ್ರಮುಖವಾದವು.

ಮೇಲ್ನೋಟಕ್ಕೆ ಇದು ಕೆಲವು ಟಾರ್ ಕಡತಗಳನ್ನು ಒಂದರ ಮೇಲೊಂದರಂತೆ ಬಿಡಿಸುವ ಸರಳ ಕೆಲಸವೆಂದು ತೋರುತ್ತದೆ. ಆದರೆ ಅಳಿಸಲ್ಪಟ್ಟ ಕಡತಗಳು, ಒಡೆತನದ ಸಂಖ್ಯೆಗಳು, ಸಾಂಕೇತಿಕ ಕೊಂಡಿಗಳು ಮತ್ತು ಕಡತನಾಮಗಳ ಸಂಕೇತೀಕರಣ ಇವುಗಳಲ್ಲಿ ಯಾವುದೊಂದು ತಪ್ಪಿದರೂ ಕಂಟೇನರ್ ಕೆಲಸ ಮಾಡದಿರಬಹುದು, ಅಥವಾ ಅಪರಿಚಿತರು ರಚಿಸಿದ ಇಮೇಜ್ ಒಂದು ಆತಿಥೇಯ ಗಣಕದ ಕಡತಗಳನ್ನೇ ಬದಲಿಸಬಹುದು.

ಹಿನ್ನೆಲೆ

ಪ್ರಕ್ರಿಯೆಯೊಂದಕ್ಕೆ ಪ್ರತ್ಯೇಕ ಮೂಲ ಕಡತಕೋಶವನ್ನು ತೋರಿಸುವ ಕಲ್ಪನೆ ಹಳೆಯದು. 1979ರಲ್ಲಿ ಬಿಡುಗಡೆಯಾದ ಯುನಿಕ್ಸ್‌ನ 7ನೇ ಆವೃತ್ತಿಯಲ್ಲಿಯೇ ಸಿಎಚ್‌ರೂಟ್ ಎಂಬ ವ್ಯವಸ್ಥಾ ಕರೆ ಇತ್ತು. 2000ದಲ್ಲಿ ಫ್ರೀಬಿಎಸ್‌ಡಿ 4.0 ಆವೃತ್ತಿಯು ಜೈಲ್ ಎಂಬ ಸೌಲಭ್ಯದ ಮೂಲಕ ಈ ಪ್ರತ್ಯೇಕತೆಯನ್ನು ಇನ್ನಷ್ಟು ಬಿಗಿಗೊಳಿಸಿತು. ಲಿನಕ್ಸ್ ಕರ್ನಲ್‌ಗೆ 2002ರಲ್ಲಿ ಮೌಂಟ್ ನೇಮ್‌ಸ್ಪೇಸ್, 2008ರ ಆರಂಭದಲ್ಲಿ ಕಂಟ್ರೋಲ್ ಗ್ರೂಪ್ ಮತ್ತು 2013ರಲ್ಲಿ ಪೂರ್ಣ ಪ್ರಮಾಣದ ಯೂಸರ್ ನೇಮ್‌ಸ್ಪೇಸ್ ಸೇರಿಕೊಂಡವು. ಕಂಟ್ರೋಲ್ ಗ್ರೂಪ್‌ನ ಮೊದಲ ಸ್ಮೃತಿ ನಿಯಂತ್ರಕದ ರಚನೆಯಲ್ಲಿ ಐಬಿಎಂ ಸಂಸ್ಥೆಯ ಭಾರತದ ಲಿನಕ್ಸ್ ತಂಡದ ಬಲ್ಬೀರ್ ಸಿಂಗ್ ಮುಖ್ಯ ಪಾತ್ರ ವಹಿಸಿದ್ದರು.

ಆ ಕಾಲದಲ್ಲಿ ಮೂಲ ಕಡತ ವ್ಯವಸ್ಥೆಯನ್ನು ಸಾಮಾನ್ಯವಾಗಿ ಡೆಬೂಟ್‌ಸ್ಟ್ರಾಪ್‌ನಂತಹ ಉಪಕರಣಗಳಿಂದ ಪ್ಯಾಕೇಜುಗಳನ್ನು ಒಂದೊಂದಾಗಿ ಸ್ಥಾಪಿಸಿ ಕಟ್ಟಲಾಗುತ್ತಿತ್ತು. 2013ರ ಮಾರ್ಚ್‌ನಲ್ಲಿ ಸಾರ್ವಜನಿಕವಾಗಿ ಪರಿಚಯಿಸಲ್ಪಟ್ಟ ಡಾಕರ್, ಸಿದ್ಧ ಕಡತ ವ್ಯವಸ್ಥೆಯನ್ನು ಪದರಗಳಾಗಿ ವಿಂಗಡಿಸಿ ಹಂಚುವ ಪದ್ಧತಿಯನ್ನು ಜನಪ್ರಿಯಗೊಳಿಸಿತು. 2014ರ ಕೊನೆಯಲ್ಲಿ ಕೋರ್‌ಓಎಸ್ ಸಂಸ್ಥೆ ಭಿನ್ನ ಇಮೇಜ್ ಸ್ವರೂಪವುಳ್ಳ ರಾಕೆಟ್ ಎಂಬ ತಂತ್ರಾಂಶವನ್ನು ಪ್ರಕಟಿಸಿತು. ಈ ಒಡಕನ್ನು ತಪ್ಪಿಸಲು 2015ರ ಜೂನ್‌ನಲ್ಲಿ ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ ಓಪನ್ ಕಂಟೇನರ್ ಇನಿಶಿಯೇಟಿವ್ (ಓಸಿಐ) ಸ್ಥಾಪನೆಯಾಯಿತು. ಅದರ ಇಮೇಜ್ ನಿರ್ದಿಷ್ಟತೆ ಮತ್ತು ಚಾಲನಾ ನಿರ್ದಿಷ್ಟತೆಗಳ 1.0 ಆವೃತ್ತಿಗಳು 2017ರ ಜುಲೈನಲ್ಲಿ ಹೊರಬಂದವು. ಇದರಿಂದಾಗಿ ಡಾಕರ್‌ನ ಹಂಗಿಲ್ಲದೆ ಇಮೇಜನ್ನು ಬಿಡಿಸುವ ಸ್ವತಂತ್ರ ಉಪಕರಣಗಳನ್ನು ಬರೆಯುವುದು ಸಾಧ್ಯವಾಯಿತು.

ಇಮೇಜ್‌ನ ರಚನೆ

ಓಸಿಐ ಇಮೇಜ್ ಒಂದೇ ದೊಡ್ಡ ಕಡತವಲ್ಲ. ಅದರಲ್ಲಿ ಮೂರು ಬಗೆಯ ವಸ್ತುಗಳಿರುತ್ತವೆ.

* ಮ್ಯಾನಿಫೆಸ್ಟ್: ಇಮೇಜ್ ಯಾವ ಪದರಗಳಿಂದ ಆಗಿದೆ, ಅವುಗಳ ಗಾತ್ರವೆಷ್ಟು ಎಂಬುದನ್ನು ಕ್ರಮವಾಗಿ ತಿಳಿಸುವ ಜೆಸನ್ ಕಡತ.
* ಸಂರಚನೆ: ಯಾವ ಆಜ್ಞೆಯನ್ನು ಚಲಾಯಿಸಬೇಕು, ಯಾವ ಬಳಕೆದಾರನಾಗಿ ಚಲಾಯಿಸಬೇಕು, ಪರಿಸರ ಚರಗಳು ಯಾವುವು ಎಂಬ ವಿವರ.
* ಪದರಗಳು: ಸಾಮಾನ್ಯವಾಗಿ ಜಿಜಿಪ್ ಅಥವಾ ಝಡ್‌ಸ್ಟ್ಯಾಂಡರ್ಡ್ ವಿಧಾನದಲ್ಲಿ ಸಂಕುಚಿಸಿದ ಟಾರ್ ಕಡತಗಳು.

ಪ್ರತಿಯೊಂದು ವಸ್ತುವನ್ನೂ ಅದರ ಹೆಸರಿನಿಂದಲ್ಲ, ಅದರ ಒಳಹೂರಣದ ಎಸ್‌ಎಚ್‌ಎ-256 ಸಾರಾಂಕದಿಂದ ಗುರುತಿಸಲಾಗುತ್ತದೆ. ಈ ಸಾರಾಂಕವು 64 ಷೋಡಶಾಂಶ ಅಂಕಿಗಳ ಒಂದು ಸಾಲು. ಒಳಹೂರಣದಲ್ಲಿ ಒಂದು ಬಿಟ್ ಬದಲಾದರೂ ಸಾರಾಂಕ ಬೇರೆಯಾಗುವುದರಿಂದ, ಸಾಗಣೆಯಲ್ಲಿ ಆದ ದೋಷವನ್ನೂ ಉದ್ದೇಶಪೂರ್ವಕ ತಿದ್ದುವಿಕೆಯನ್ನೂ ಉಪಕರಣವು ಪತ್ತೆ ಹಚ್ಚಬಲ್ಲದು.

ಪ್ರತಿ ಪದರಕ್ಕೂ ಎರಡು ಸಾರಾಂಕಗಳಿರುವುದು ಹೊಸಬರಲ್ಲಿ ಗೊಂದಲ ಉಂಟುಮಾಡುತ್ತದೆ. ಮ್ಯಾನಿಫೆಸ್ಟ್‌ನಲ್ಲಿರುವುದು ಸಂಕುಚಿಸಿದ ಕಡತದ ಸಾರಾಂಕ. ಸಂರಚನೆಯಲ್ಲಿರುವುದು ಸಂಕುಚನವನ್ನು ಬಿಡಿಸಿದ ಟಾರ್ ಕಡತದ ಸಾರಾಂಕ. ಒಂದೇ ಟಾರ್ ಕಡತವನ್ನು ಎರಡು ಬೇರೆ ಜಿಜಿಪ್ ತಂತ್ರಾಂಶಗಳು ಸಂಕುಚಿಸಿದಾಗ ಬೈಟ್‌ಗಳು ಭಿನ್ನವಾಗಬಹುದಾದ್ದರಿಂದ ಈ ವ್ಯವಸ್ಥೆ ಬೇಕಾಯಿತು. ಉತ್ತಮ ಉಪಕರಣವು ಎರಡನ್ನೂ ಪರಿಶೀಲಿಸುತ್ತದೆ.

ನಿರ್ಮಾಣದ ವಿಧಾನ

ಉಪಕರಣವು ಮೊದಲು ಸೂಚಿಯಿಂದ ಮ್ಯಾನಿಫೆಸ್ಟನ್ನು, ಮ್ಯಾನಿಫೆಸ್ಟ್‌ನಿಂದ ಪದರಗಳ ಪಟ್ಟಿಯನ್ನು ಓದಿಕೊಳ್ಳುತ್ತದೆ. ಬಳಿಕ ತಳಪದರದಿಂದ ಆರಂಭಿಸಿ ಒಂದೊಂದೇ ಪದರವನ್ನು ಖಾಲಿ ಕಡತಕೋಶದೊಳಗೆ ಬಿಡಿಸುತ್ತದೆ. ಮೇಲಿನ ಪದರದಲ್ಲಿರುವ ಕಡತವು ಕೆಳಗಿನ ಪದರದ ಅದೇ ಹೆಸರಿನ ಕಡತದ ಸ್ಥಾನವನ್ನು ಪಡೆಯುತ್ತದೆ. ಎರಡೂ ಕಡತಕೋಶಗಳಾಗಿದ್ದರೆ ಮಾತ್ರ ಹಳೆಯ ಕೋಶದ ಒಳಗಿನವು ಉಳಿದು, ಅದರ ಅನುಮತಿ ಮತ್ತು ಒಡೆತನಗಳಷ್ಟೇ ಬದಲಾಗುತ್ತವೆ.

ಈ ಕೆಲಸದಲ್ಲಿ ಕ್ರಮಕ್ಕೆ ಹೆಚ್ಚಿನ ಮಹತ್ವವಿದೆ. ಕಡತವೊಂದರ ಒಡೆತನವನ್ನು ಬದಲಿಸಿದಾಗ ಲಿನಕ್ಸ್ ಕರ್ನಲ್ ಅದರ ಸೆಟ್‌ಯುಐಡಿ ಗುರುತನ್ನೂ ವಿಶೇಷ ಸಾಮರ್ಥ್ಯಗಳ ಗುಣಲಕ್ಷಣವನ್ನೂ ತೆಗೆದುಹಾಕುತ್ತದೆ. ಆದ್ದರಿಂದ ಮೊದಲು ಒಡೆತನ, ಆಮೇಲೆ ಅನುಮತಿ ಮತ್ತು ವಿಸ್ತೃತ ಗುಣಲಕ್ಷಣಗಳು ಎಂಬ ಕ್ರಮವನ್ನು ಪಾಲಿಸಬೇಕು. ಅದೇ ರೀತಿ, ಕಡತಕೋಶದೊಳಗೆ ಹೊಸ ಕಡತವನ್ನು ಇಟ್ಟೊಡನೆ ಆ ಕೋಶದ ಮಾರ್ಪಾಡಿನ ಸಮಯ ಬದಲಾಗುವುದರಿಂದ, ಕೋಶಗಳ ಸಮಯವನ್ನು ಕೊನೆಯಲ್ಲಿ ಹೊಂದಿಸಬೇಕಾಗುತ್ತದೆ.

ಎಲ್ಲ ಪದರಗಳನ್ನೂ ಒಂದೇ ಕೋಶಕ್ಕೆ ಬಿಡಿಸುವುದರ ಬದಲು ಪ್ರತಿಯೊಂದನ್ನೂ ಪ್ರತ್ಯೇಕ ಕೋಶದಲ್ಲಿ ಇರಿಸಿ, ಅವುಗಳನ್ನು ಓವರ್‌ಲೇಎಫ್‌ಎಸ್ ಮೂಲಕ ಒಂದಾಗಿ ತೋರಿಸುವುದು ಇನ್ನೊಂದು ವಿಧಾನ. ಓವರ್‌ಲೇಎಫ್‌ಎಸ್ 2014ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಲಿನಕ್ಸ್ 3.18 ಕರ್ನಲ್‌ಗೆ ಸೇರಿತು. ಇದರಲ್ಲಿ ಒಂದೇ ತಳಪದರವನ್ನು ಹತ್ತಾರು ಕಂಟೇನರ್‌ಗಳು ಹಂಚಿಕೊಳ್ಳಬಹುದಾದ್ದರಿಂದ ಡಿಸ್ಕ್ ಸ್ಥಳ ಉಳಿಯುತ್ತದೆ. ಒಂದೇ ಕೋಶದ ವಿಧಾನವು ಹೆಚ್ಚು ಸ್ಥಳವನ್ನು ಬೇಡುತ್ತದೆಯಾದರೂ ಯಾವುದೇ ವಿಶೇಷ ಕಡತ ವ್ಯವಸ್ಥೆಯನ್ನು ಅವಲಂಬಿಸುವುದಿಲ್ಲ.

ಅಳಿಸುವಿಕೆಯ ಗುರುತುಗಳು

ಟಾರ್ ಸ್ವರೂಪದಲ್ಲಿ 'ಈ ಕಡತ ಈಗ ಇಲ್ಲ' ಎಂದು ಹೇಳುವ ಬಗೆಯಿಲ್ಲ. ಈ ಕೊರತೆಯನ್ನು ನೀಗಲು ಓಸಿಐ ನಿರ್ದಿಷ್ಟತೆಯು ವೈಟ್‌ಔಟ್ ಎಂಬ ಖಾಲಿ ಕಡತವನ್ನು ಬಳಸುತ್ತದೆ. ಅಳಿಸಬೇಕಾದ ಕಡತದ ಹೆಸರಿನ ಮುಂದೆ ಚುಕ್ಕೆ, ಡಬ್ಲ್ಯು, ಎಚ್, ಚುಕ್ಕೆ ಎಂಬ ನಾಲ್ಕು ಅಕ್ಷರಗಳನ್ನು ಸೇರಿಸಿ ಇದನ್ನು ರಚಿಸಲಾಗುತ್ತದೆ. ಕೋಶವೊಂದರ ಕೆಳಪದರದ ಎಲ್ಲವನ್ನೂ ಮರೆಮಾಡುವ ಅಪಾರದರ್ಶಕ ವೈಟ್‌ಔಟ್ ಕೂಡ ಇದೆ. ಈ ಪದ್ಧತಿ ಎಯುಎಫ್‌ಎಸ್ ಎಂಬ ಹಳೆಯ ಕಡತ ವ್ಯವಸ್ಥೆಯಿಂದ ಬಂದದ್ದು.

ವೈಟ್‌ಔಟ್ ತನಗಿಂತ ಕೆಳಗಿನ ಪದರಗಳಿಗೆ ಮಾತ್ರ ಅನ್ವಯಿಸುತ್ತದೆ. ತನ್ನದೇ ಪದರದ ಕಡತವನ್ನು ಅದು ಅಳಿಸಬಾರದು. ಟಾರ್‌ನಲ್ಲಿ ವೈಟ್‌ಔಟ್ ಮೊದಲು ಬಂದರೂ ಕೊನೆಗೆ ಬಂದರೂ ಫಲಿತಾಂಶ ಒಂದೇ ಆಗಿರಬೇಕು. ಹೀಗಾಗಿ ಉಪಕರಣವು ಪ್ರಸ್ತುತ ಪದರದಿಂದ ಬಿಡಿಸಿದ ಹೆಸರುಗಳನ್ನೆಲ್ಲ ನೆನಪಿನಲ್ಲಿ ಇರಿಸಿಕೊಳ್ಳಬೇಕಾಗುತ್ತದೆ. ಓವರ್‌ಲೇಎಫ್‌ಎಸ್ ಬಳಸುವ ಉಪಕರಣಗಳು ಈ ಗುರುತನ್ನು ಆ ಕಡತ ವ್ಯವಸ್ಥೆಯ ರೂಢಿಗೆ, ಅಂದರೆ 0/0 ಸಂಖ್ಯೆಯ ಕ್ಯಾರೆಕ್ಟರ್ ಸಾಧನ ಕಡತಕ್ಕೆ, ಪರಿವರ್ತಿಸುತ್ತವೆ.

ಇದರಿಂದ ಒಂದು ಮುಖ್ಯ ಪರಿಣಾಮ ಉಂಟಾಗುತ್ತದೆ. ಕೆಳಪದರದಲ್ಲಿ ಸೇರಿಸಿದ ಗುಪ್ತಪದವನ್ನು ಮೇಲಿನ ಪದರದಲ್ಲಿ ಅಳಿಸಿದರೆ, ನಿರ್ಮಿತ ಮೂಲ ಕಡತ ವ್ಯವಸ್ಥೆಯಲ್ಲಿ ಅದು ಕಾಣುವುದಿಲ್ಲ. ಆದರೆ ಇಮೇಜ್‌ನ ಕೆಳಪದರದಲ್ಲಿ ಅದು ಹಾಗೆಯೇ ಉಳಿದಿರುತ್ತದೆ. ಇಮೇಜ್ ದೊರೆತ ಯಾರೇ ಆಗಲಿ ಆ ಪದರವೊಂದನ್ನೇ ಬಿಡಿಸಿ ಅದನ್ನು ಓದಬಹುದು. ಇಮೇಜ್‌ನ ಗಾತ್ರವೂ ಅಳಿಸುವಿಕೆಯಿಂದ ಕಡಿಮೆಯಾಗುವುದಿಲ್ಲ.

ಒಡೆತನ ಮತ್ತು ಸಾಮಾನ್ಯ ಬಳಕೆದಾರರು

ಟಾರ್ ಕಡತದಲ್ಲಿ ಪ್ರತಿ ಕಡತದ ಒಡೆಯನ ಸಂಖ್ಯೆ ದಾಖಲಾಗಿರುತ್ತದೆ. ಅದನ್ನು ಯಥಾವತ್ತಾಗಿ ಹೊಂದಿಸುವ ಅಧಿಕಾರ ರೂಟ್ ಬಳಕೆದಾರನಿಗೆ ಮಾತ್ರ ಇದೆ. ಹಂಚಿಕೊಂಡ ಗಣಕಗಳಲ್ಲಿ, ವಿಶೇಷವಾಗಿ ವಿಶ್ವವಿದ್ಯಾಲಯ ಮತ್ತು ಸಂಶೋಧನಾಲಯಗಳ ಗಣಕ ಸಮೂಹಗಳಲ್ಲಿ, ಸಾಮಾನ್ಯ ಬಳಕೆದಾರರಿಗೆ ಈ ಅಧಿಕಾರ ಇರುವುದಿಲ್ಲ. ಯೂಸರ್ ನೇಮ್‌ಸ್ಪೇಸ್ ಇದಕ್ಕೆ ಪರಿಹಾರ ಒದಗಿಸುತ್ತದೆ. ಬಳಕೆದಾರನಿಗೆ 1,00,000ದಿಂದ ಆರಂಭವಾಗುವ 65,536 ಸಂಖ್ಯೆಗಳನ್ನು ಹಂಚಿದ್ದರೆ, ಕಂಟೇನರಿನೊಳಗಿನ 0 ಹೊರಗೆ 1,00,000 ಆಗಿಯೂ, ಒಳಗಿನ 33 ಹೊರಗೆ 1,00,033 ಆಗಿಯೂ ಕಾಣುತ್ತದೆ.

ಸಂಖ್ಯೆಗಳ ಹಂಚಿಕೆಯೂ ಇಲ್ಲದ ಕಡೆ ಊಮೋಚಿಯು ಎಲ್ಲ ಕಡತಗಳನ್ನೂ ಪ್ರಸ್ತುತ ಬಳಕೆದಾರನ ಒಡೆತನದಲ್ಲಿಯೇ ಬಿಡಿಸಿ, ನಿಜವಾದ ಒಡೆತನವನ್ನು ವಿಸ್ತೃತ ಗುಣಲಕ್ಷಣವೊಂದರಲ್ಲಿ ಬರೆದಿಡಬಲ್ಲದು. 2021ರ ಫೆಬ್ರವರಿಯ ಲಿನಕ್ಸ್ 5.11 ಕರ್ನಲ್‌ನಿಂದ ಸಾಮಾನ್ಯ ಬಳಕೆದಾರರೂ ತಮ್ಮ ನೇಮ್‌ಸ್ಪೇಸ್‌ನೊಳಗೆ ಓವರ್‌ಲೇಎಫ್‌ಎಸ್ ಬಳಸಬಹುದಾಗಿದೆ.

ಭದ್ರತೆ

ಇಮೇಜ್ ಎಂಬುದು ಅಪರಿಚಿತರಿಂದ ಬಂದ ದತ್ತಾಂಶ. ಸಾರಾಂಕವು ಹೊಂದಿಕೆಯಾಯಿತೆಂದರೆ ಕಳುಹಿಸಿದ್ದೇ ತಲುಪಿದೆ ಎಂದಷ್ಟೇ ಅರ್ಥ. ಕಳುಹಿಸಿದವನು ನಂಬಿಕಸ್ಥನೆಂದು ಅರ್ಥವಲ್ಲ.

ಅತಿ ಹೆಚ್ಚು ತೊಂದರೆ ಕೊಟ್ಟಿರುವುದು ಸಾಂಕೇತಿಕ ಕೊಂಡಿ. ಮೊದಲ ಪದರದಲ್ಲಿ ಆತಿಥೇಯ ಗಣಕದ ಕೋಶವೊಂದನ್ನು ತೋರಿಸುವ ಕೊಂಡಿಯನ್ನಿಟ್ಟು, ಎರಡನೆಯ ಪದರದಲ್ಲಿ ಆ ಕೊಂಡಿಯ 'ಒಳಗೆ' ಕಡತವೊಂದನ್ನು ಬರೆದರೆ, ಎಚ್ಚರವಿಲ್ಲದ ಉಪಕರಣವು ಆತಿಥೇಯ ಗಣಕದಲ್ಲಿಯೇ ಅದನ್ನು ಬರೆದುಬಿಡುತ್ತದೆ. ಕೊಂಡಿಗಳನ್ನು ನಿಷೇಧಿಸುವುದೂ ಸಾಧ್ಯವಿಲ್ಲ. ಅನೇಕ ಲಿನಕ್ಸ್ ವಿತರಣೆಗಳಲ್ಲಿ ಗ್ರಂಥಾಲಯಗಳ ಕೋಶವೇ ಇನ್ನೊಂದು ಕೋಶಕ್ಕೆ ಕೊಂಡಿಯಾಗಿರುತ್ತದೆ. ಆದ್ದರಿಂದ ಪ್ರತಿಯೊಂದು ಹಾದಿಯನ್ನೂ ಹೊಸ ಮೂಲ ಕೋಶವನ್ನೇ '/' ಎಂದು ಭಾವಿಸಿ ಬಿಡಿಸಿಕೊಳ್ಳಬೇಕು.

ಈ ಬಗೆಯ ದೋಷ ಅನುಭವಸ್ಥರ ಕೈಯಲ್ಲೂ ಮರುಕಳಿಸಿದೆ. 2014ರ ನವೆಂಬರ್‌ನಲ್ಲಿ ಡಾಕರ್ 1.3.2 ಆವೃತ್ತಿಯು ಕೊಂಡಿಗಳ ಮೂಲಕ ಹೊರಗೆ ಬರೆಯುವ ದೋಷವನ್ನು ಸರಿಪಡಿಸಿತು. 2021ರಲ್ಲಿ ಊಮೋಚಿಯಲ್ಲಿಯೂ ಅಂತಹುದೇ ದೋಷ ಕಂಡುಬಂದಿತು. ಪ್ರತಿ ಕಡತದ ಹಾದಿಯನ್ನು ಪರೀಕ್ಷಿಸಲಾಗುತ್ತಿತ್ತಾದರೂ, ಮೂಲ ಕೋಶವನ್ನೇ ಕೊಂಡಿಯನ್ನಾಗಿಸುವ ಪದರವೊಂದನ್ನು ಉಪಕರಣ ತಡೆಯುತ್ತಿರಲಿಲ್ಲ, 0.4.7 ಆವೃತ್ತಿಯಲ್ಲಿ ಇದನ್ನು ಸರಿಪಡಿಸಲಾಯಿತು. 2020ರ ಲಿನಕ್ಸ್ 5.6 ಕರ್ನಲ್‌ಗೆ ಸೇರಿದ ಓಪನ್‌ಎಟ್2 ಎಂಬ ವ್ಯವಸ್ಥಾ ಕರೆಯು, ಹಾದಿಯು ಗೊತ್ತುಪಡಿಸಿದ ಕೋಶದಿಂದ ಹೊರಹೋಗದಂತೆ ಕರ್ನಲ್‌ನ ಮಟ್ಟದಲ್ಲಿಯೇ ನೋಡಿಕೊಳ್ಳಬಲ್ಲದು. ಊಮೋಚಿಯನ್ನು ಆರಂಭಿಸಿದ ಅಲೆಕ್ಸಾ ಸರಾಯ್ ಅವರೇ ಈ ಕರೆಯನ್ನೂ ರಚಿಸಿದರು.

ಇದಲ್ಲದೆ, ಜಿಜಿಪ್ ಸಂಕುಚನವು ಗರಿಷ್ಠ ಸುಮಾರು ಸಾವಿರ ಪಟ್ಟು ಹಿಗ್ಗಬಲ್ಲದಾದ್ದರಿಂದ, ಪುಟ್ಟ ಪದರವೊಂದು ಡಿಸ್ಕನ್ನೇ ತುಂಬಿಸಿಬಿಡುವ ಅಪಾಯವಿದೆ. ಬಿಡಿಸಿದ ಗಾತ್ರಕ್ಕೆ ಮಿತಿ ಹಾಕುವುದು ಇದಕ್ಕೆ ಪರಿಹಾರ.

ಕನ್ನಡ ಕಡತನಾಮಗಳು

ಲಿನಕ್ಸ್‌ನಲ್ಲಿ ಕಡತನಾಮವೆಂಬುದು ಬೈಟ್‌ಗಳ ಸರಣಿ. ಯುಟಿಎಫ್-8 ಸಂಕೇತೀಕರಣದಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೂ ಮೂರು ಬೈಟ್ ಬೇಕು. 'ತಂಬ್ರಹಳ್ಳಿ' ಎಂಬ ಊರಿನ ಹೆಸರಿನಲ್ಲಿ ಓದುಗರಿಗೆ ನಾಲ್ಕು ಅಕ್ಷರಗಳು ಕಂಡರೂ ಅದರಲ್ಲಿ 10 ಸಂಕೇತಗಳಿದ್ದು, 30 ಬೈಟ್ ಆಗುತ್ತದೆ. ಹಳೆಯ ಟಾರ್ ಸ್ವರೂಪದಲ್ಲಿ ಹೆಸರಿಗೆ ಮೀಸಲಾದ ಸ್ಥಳ 100 ಬೈಟ್ ಮಾತ್ರ. 'ವಿಜಯನಗರ/ಹಗರಿಬೊಮ್ಮನಹಳ್ಳಿ/ತಂಬ್ರಹಳ್ಳಿ' ಎಂಬ ಜಿಲ್ಲೆ, ತಾಲ್ಲೂಕು, ಊರುಗಳ ಹಾದಿಯೊಂದೇ 98 ಬೈಟ್ ಆಗುವುದರಿಂದ, ಅದರೊಳಗೆ ಇನ್ನೊಂದು ಕಡತವನ್ನಿಟ್ಟರೆ ಮಿತಿ ಮೀರುತ್ತದೆ. ಪಿಎಎಕ್ಸ್ ಎಂಬ ಟಾರ್ ವಿಸ್ತರಣೆಯು ಉದ್ದದ ಹೆಸರುಗಳನ್ನು ಯುಟಿಎಫ್-8ರಲ್ಲಿ ಪ್ರತ್ಯೇಕವಾಗಿ ದಾಖಲಿಸುತ್ತದೆ. ಅದನ್ನು ಓದಲಾರದ ಉಪಕರಣವು ಕನ್ನಡದ ಹೆಸರುಗಳನ್ನು ನಡುವೆಯೇ ಕತ್ತರಿಸುತ್ತದೆ.

ಇನ್ನೊಂದು ತೊಡಕು ಸಂಯುಕ್ತ ಸ್ವರಚಿಹ್ನೆಗಳದು. 'ಕೊಟ್ಟೂರು' ಎಂಬಲ್ಲಿನ ಒಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎಕಾರ ಮತ್ತು ಊಕಾರದ ಚಿಹ್ನೆಗಳೆಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಮೊದಲನೆಯದು 24 ಬೈಟ್, ಎರಡನೆಯದು 27 ಬೈಟ್. ಪರದೆಯ ಮೇಲೆ ಎರಡೂ ಒಂದೇ ರೀತಿ ಕಂಡರೂ ಸಾಮಾನ್ಯವಾಗಿ ಲಿನಕ್ಸ್‌ಗೆ ಅವು ಎರಡು ಬೇರೆ ಕಡತಗಳು. ಮೇಲಿನ ಪದರದ ವೈಟ್‌ಔಟ್ ಒಂದು ರೂಪದಲ್ಲಿದ್ದು, ಕೆಳಪದರದ ಕಡತ ಇನ್ನೊಂದು ರೂಪದಲ್ಲಿದ್ದರೆ ಆ ಕಡತ ಅಳಿಯದೆ ಉಳಿಯುತ್ತದೆ. ಹೆಸರುಗಳನ್ನು ವಿಘಟಿತ ರೂಪದಲ್ಲಿ ಉಳಿಸುವ ಮ್ಯಾಕ್ ಗಣಕಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆಯಲ್ಲಿ ಸಿದ್ಧಪಡಿಸಿದ ಕಡತಗಳಲ್ಲಿ ಇಂತಹ ವ್ಯತ್ಯಾಸ ಹುಟ್ಟಬಹುದು. ನಿರ್ಮಾಣ ಉಪಕರಣವು ಹೆಸರನ್ನು ತಾನೇ 'ಸರಿಪಡಿಸದೆ' ಬೈಟ್‌ಗಳನ್ನು ಇದ್ದಂತೆಯೇ ಇರಿಸುವುದು ಸೂಕ್ತ. ಹೆಸರುಗಳನ್ನು ಏಕರೂಪಗೊಳಿಸುವುದು ಇಮೇಜ್ ರಚಿಸುವವರ ಹೊಣೆ.

ಮರುಕಟ್ಟುವಿಕೆ

'ಊಮೋಚಿ ಮುಕ್ತ ಕಂಟೇನರ್ ಇಮೇಜ್‌ಗಳನ್ನು ಮಾರ್ಪಡಿಸುತ್ತದೆ' ಎಂಬರ್ಥದ ಇಂಗ್ಲಿಷ್ ವಾಕ್ಯದ ಮೊದಲಕ್ಷರಗಳಿಂದ ಊಮೋಚಿಗೆ ಆ ಹೆಸರು ಬಂದಿದೆ. ಗೋ ಭಾಷೆಯಲ್ಲಿ ಬರೆಯಲಾದ ಇದು ಸುಸೆ ಸಂಸ್ಥೆಯಲ್ಲಿ 2016ರಲ್ಲಿ ಆರಂಭವಾಗಿ, ನಂತರ ಓಸಿಐ ಅಡಿಗೆ ಬಂದಿತು. ಇಮೇಜನ್ನು ಬಿಡಿಸುವಾಗ ಇದು ಎಲ್ಲ ಕಡತಗಳ ಗುಣಲಕ್ಷಣಗಳನ್ನು ಎಂಟ್ರೀ ಎಂಬ ಬಿಎಸ್‌ಡಿ ಮೂಲದ ಸ್ವರೂಪದಲ್ಲಿ ಪಟ್ಟಿ ಮಾಡಿಡುತ್ತದೆ. ಬಳಕೆದಾರರು ಕಡತವೃಕ್ಷವನ್ನು ತಿದ್ದಿದ ಬಳಿಕ, ಹಳೆಯ ಪಟ್ಟಿಯೊಂದಿಗೆ ಹೋಲಿಸಿ ವ್ಯತ್ಯಾಸವನ್ನಷ್ಟೇ ಹೊಸ ಪದರವಾಗಿ ಕಟ್ಟುತ್ತದೆ. ಇಮೇಜನ್ನು ದೂರದ ಭಂಡಾರದಿಂದ ತರುವ ಕೆಲಸವನ್ನು ಸಾಮಾನ್ಯವಾಗಿ ಸ್ಕೋಪಿಯೋ ಎಂಬ ಉಪಕರಣಕ್ಕೂ, ಸಿದ್ಧವಾದ ಕಡತ ವ್ಯವಸ್ಥೆಯನ್ನು ಚಲಾಯಿಸುವ ಕೆಲಸವನ್ನು ರನ್‌ಸಿಗೂ ಬಿಡಲಾಗುತ್ತದೆ.

ಮಿತಿಗಳು

ಇಡೀ ಇಮೇಜನ್ನು ತಂದು ಬಿಡಿಸಿದ ನಂತರವೇ ಕಂಟೇನರ್ ಆರಂಭವಾಗಬೇಕೆಂಬುದು ಈ ಪದ್ಧತಿಯ ಮುಖ್ಯ ಕೊರತೆ. ಟೈಲರ್ ಹಾರ್ಟರ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಂಟೇನರ್ ಆರಂಭದ ಸಮಯದ ಶೇ. 76ರಷ್ಟು ಇಮೇಜನ್ನು ತರುವುದರಲ್ಲಿಯೇ ಕಳೆಯುತ್ತದೆ, ಆದರೆ ತಂದ ದತ್ತಾಂಶದಲ್ಲಿ ಶೇ. 6.4ರಷ್ಟನ್ನು ಮಾತ್ರ ಓದಲಾಗುತ್ತದೆ ಎಂದು ಕಂಡುಬಂದಿತು. ಬೇಕಾದ ಕಡತವನ್ನು ಬೇಕಾದಾಗ ಮಾತ್ರ ತರುವ ಪದರ ಸ್ವರೂಪಗಳು ಇದಕ್ಕೆ ಪರಿಹಾರವಾಗಿ ರೂಪುಗೊಂಡಿವೆ. ಆದರೆ ಅವು ಚಾಲನೆಯ ಉದ್ದಕ್ಕೂ ಜಾಲಸಂಪರ್ಕವನ್ನು ಬೇಡುತ್ತವೆ. ಸಂಪರ್ಕ ನಿಧಾನವಾಗಿರುವ ಅಥವಾ ಆಗಾಗ ಕಡಿದುಹೋಗುವ ಸ್ಥಳಗಳಲ್ಲಿ, ಇಮೇಜನ್ನು ಒಮ್ಮೆ ತಂದು, ಸಾರಾಂಕವನ್ನು ಪರಿಶೀಲಿಸಿ, ಪೂರ್ಣ ಮೂಲ ಕಡತ ವ್ಯವಸ್ಥೆಯನ್ನು ಡಿಸ್ಕ್‌ನಲ್ಲಿ ಕಟ್ಟಿಡುವ ಹಳೆಯ ವಿಧಾನವೇ ಹೆಚ್ಚು ಉಪಯುಕ್ತವಾಗಿದೆ.