ಕಂಪೈಲರ್ ನಿಧಾನವೇ? ಮೊದಲು ಗ್ರಾಫ್ ಹಾಕಿ ನೋಡಿ



ಮಿರಜದಲ್ಲಿ ತಂಬೂರಿ ಮಾಡುವವರ ಕೆಲಸ ನೋಡಿದ್ದೀರಾ? ನಾದ ಸರಿ ಬರದಿದ್ದರೆ ಅವರು ಒಂದೊಂದೇ ತಂತಿಯ ಕೆಳಗಿನ ನೂಲನ್ನು ತುಸು ಸರಿಸಿ, ಮೀಟಿ, ಕಿವಿಗೊಟ್ಟು ಕೇಳುತ್ತಾರೆ. ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಮಾತ್ರ "ಮಷೀನ್ ಹಳೇದಾಗೇದ್ರಿ ಸರ್" ಅಂದರೆ ಮುಗೀತು, ತನಿಖೆಯೇ ಇಲ್ಲ!

ಹ್ಯಾಸ್ಕೆಲ್ ಭಾಷೆಯನ್ನೇ ತಗೊಳ್ಳಿ. ಗಣಿತದ ಫಂಕ್ಷನ್‌ಗಳ ರೀತಿಯಲ್ಲಿ ಪ್ರೋಗ್ರಾಮ್ ಬರೆಯುವ ಭಾಷೆ ಇದು. ಬೆಂಗಳೂರಿನ 'ನಮ್ಮ ಯಾತ್ರಿ' ಆಟೋ ಆ್ಯಪ್‌ನ ಸರ್ವರ್ ಭಾಗ ಇದರಲ್ಲೇ ಇದೆ. ನಾವು ಬರೆದದ್ದನ್ನು ಯಂತ್ರಭಾಷೆಗೆ ತರುವ ಮೊದಲು ಇದರ ಕಂಪೈಲರ್ ಪ್ರತಿ ಹೆಸರಿನ 'ಟೈಪ್' ಯಾವುದು, ಪೂರ್ಣಾಂಕವೋ ಜೋಡಿಯೋ ಪಟ್ಟಿಯೋ ಎಂದು ತಾನೇ ಲೆಕ್ಕ ಹಾಕುತ್ತದೆ.

ಈಗ ಒಂದು ಪೂರ್ಣಾಂಕವನ್ನು ಎರಡು ಸಲ ಇಟ್ಟು ಜೋಡಿ ಮಾಡಿ. ಮುಂದಿನ ಸಾಲಿನಲ್ಲಿ ಆ ಜೋಡಿಯದೇ ಜೋಡಿ. ಹೀಗೆ 20 ಸಾಲು. ಪ್ರೋಗ್ರಾಮ್ ಒಂದು ಪುಟವೂ ಆಗಲಿಲ್ಲ. ಆದರೆ ಕೊನೆಯ ಸಾಲಿನ ಟೈಪನ್ನು ಬಿಡಿಸಿ ಬರೆದರೆ 'ಪೂರ್ಣಾಂಕ' ಎಂಬುದು 10,48,576 ಸಲ ಬರುತ್ತದೆ. 2ರ ಘಾತ 20. ಇಂಥ ಭಾಷೆಗಳಲ್ಲಿ ಟೈಪ್ ಹುಡುಕುವ ಕೆಲಸ ಕೆಲವೊಮ್ಮೆ ಹೀಗೆ ಘಾತೀಯವಾಗಿ ಬೆಳೆಯಲೇಬೇಕೆಂದು 1990ರಲ್ಲೇ ಸಾಬೀತಾಗಿದೆ.

ದೋಷ ಎಲ್ಲಿದೆ ಎಂದು ತಿಳಿಯುವುದು ಹೇಗೆ? 12ರಿಂದ 20ರವರೆಗೆ ಒಂದೊಂದೇ ಸಾಲು ಹೆಚ್ಚಿಸಿ ಕಂಪೈಲ್ ಮಾಡಿಸಿ; ಉಳಿದ ಏನನ್ನೂ ಬದಲಿಸಬೇಡಿ. ಮಕ್ಕಳು ಸಮಯ ಬರೆದುಕೊಂಡು ಗ್ರಾಫ್ ಹಾಕಲಿ. ಗ್ರಾಫ್ ಸರಳರೇಖೆಯಂತೆ ಏರಿದರೆ ಚಿಂತೆಯಿಲ್ಲ. ಸಾಲು ಹೆಚ್ಚಿದಂತೆಲ್ಲ ಸಮಯ ಹೆಚ್ಚುಕಡಿಮೆ ಇಮ್ಮಡಿಯಾಗತೊಡಗಿದರೆ ಕಾರಣ ಪ್ರೋಗ್ರಾಮ್‌ನಲ್ಲೇ ಇದೆ. ಹಳೆಯ ಮಷೀನ್ ಒಟ್ಟು ಸಮಯವನ್ನು ಇಮ್ಮಡಿ ಮಾಡೀತು, ಸಾಲಿಗೊಮ್ಮೆ ಇಮ್ಮಡಿ ಮಾಡದು. ಕಂಪೈಲರ್‌ನ ಯಾವ ಹಂತ ಎಷ್ಟು ಹೊತ್ತು ತಿಂದಿತು ಎಂದು ನೋಡಬೇಕೆ? ಹ್ಯಾಸ್ಕೆಲ್‌ನ ಜಿಎಚ್‌ಸಿ ಕಂಪೈಲರ್‌ನಲ್ಲಿ 'ಡಂಪ್ ಟೈಮಿಂಗ್ಸ್' ಎಂಬ ಆಯ್ಕೆಯೇ ಇದೆ.

ಪರಿಹಾರವೂ ಸರಳ. 'ಮರ' ಎಂಬ ಹೊಸ ಟೈಪ್ ಮಾಡಿ: ಮರ ಎಂದರೆ ಒಂದು ಎಲೆ, ಇಲ್ಲವೇ ಎರಡು ಮರಗಳು ಕೂಡಿದ್ದು. ಆಗ ಎಷ್ಟು ಸಾಲು ಬರೆದರೂ ಟೈಪ್ 'ಮರ' ಅಷ್ಟೇ.

ಸಾಂಗ್ಲಿ ಜಿಲ್ಲೆಯ ನಮ್ಮ ಕನ್ನಡ ಶಾಲೆಗಳಲ್ಲಿ ಹೊಸ ಕಂಪ್ಯೂಟರ್‌ಗೆ ಅರ್ಜಿ ಬರೆಯುವ ಮುಂಚೆ ಇದೊಂದು ಲೆಕ್ಕ ನೆನಪಿರಲಿ: ಇಂಥ ಪ್ರೋಗ್ರಾಮ್‌ಗೆ ಎರಡರಷ್ಟು ವೇಗದ ಮಷೀನ್ ತಂದರೂ ಅಷ್ಟೇ ಹೊತ್ತಿನಲ್ಲಿ ಹೆಚ್ಚಿಗೆ ಸಿಗುವುದು ಒಂದೇ ಒಂದು ಸಾಲು!