ಪತ್ರಚ್ಛೇದ್ಯವೂ ಪ್ರತಿಭೆಯೂ

ಬಾಣಭಟ್ಟನ ಕಾದಂಬರಿಯಲ್ಲಿ ಚಂದ್ರಾಪೀಡನು ಅಭ್ಯಾಸಮಾಡಿದ ವಿದ್ಯೆಗಳನ್ನು ಎಣಿಸುವೆಡೆಯಲ್ಲಿ ಚಿತ್ರಕರ್ಮದ ಸಂಗಡ ಪತ್ರಚ್ಛೇದ್ಯವೂ ಬರುತ್ತದೆ. ಎಲೆ ಮೊದಲಾದುವನ್ನು ಕತ್ತರಿಸಿ ಆಕೃತಿಗಳನ್ನು ರಚಿಸುವ ವಿದ್ಯೆಯಿದು. ಇಂಥದನ್ನು ವಿನೋದವೆಂದೆಣಿಸುವುದು ವಾಡಿಕೆ. ಫ್ರಾನ್ಸ್ ದೇಶದ ಚಿತ್ರಕಾರನಾದ ಆನ್ರಿ ಮತೀಸನು (1869–1954) ಕಾಗದವನ್ನು ಕತ್ತರಿಸಿ ರಚಿಸಿದ ‘ಓಶಿಯಾನಿಯಾ: ಆಕಾಶ’, ‘ಓಶಿಯಾನಿಯಾ: ಸಮುದ್ರ’ ಎಂಬೆರಡು ಪ್ರಕೃತಿಚಿತ್ರಗಳನ್ನು ಮುಂದಿಟ್ಟುಕೊಂಡು, ಈ ವಿದ್ಯೆಯಲ್ಲಿ ಪ್ರತಿಭೆಗೆ ಎಡೆಯುಂಟೇ ಎಂಬುದನ್ನು ವಿಚಾರಿಸೋಣ.

ಮೊದಲು ವೃತ್ತಾಂತವನ್ನು ಹೇಳುವೆನು. 1930ರಲ್ಲಿ ಮತೀಸನು ಪೆಸಿಫಿಕ್ ಸಾಗರದ ತಹೀತಿ ದ್ವೀಪಕ್ಕೆ ಹೋಗಿ, ಆ ಪ್ರಾಂತದ ಹವಳದ ದಿಬ್ಬಗಳ ನಡುವಣ ತಿಳಿನೀರಿನಲ್ಲಿ ಈಜಿ, ಅಲ್ಲಿಯ ಜೀವಜಾತಿಗಳನ್ನು ಕಣ್ತುಂಬ ನೋಡಿದನು. ಆದರೆ ಅಲ್ಲಿದ್ದಾಗ ಅವನು ಚಿತ್ರಿಸಿದುದು ಬಹು ಸ್ವಲ್ಪ. 1941ರಲ್ಲಿ ಉದರದ ಶಸ್ತ್ರಚಿಕಿತ್ಸೆಯಾದ ಮೇಲೆ ಅವನು ಬಹುಕಾಲ ಹಾಸಿಗೆಯಲ್ಲಿಯೋ ಗಾಲಿಕುರ್ಚಿಯಲ್ಲಿಯೋ ಕಳೆಯಬೇಕಾಯಿತು. 1946ರಲ್ಲಿ ಪ್ಯಾರಿಸ್ಸಿನ ಮನೆಯಲ್ಲಿ, ಬರೆಯುವ ಬಿಳಿಯ ಹಾಳೆಯೊಂದರಿಂದ ಕವಲುಬಾಲದ ಚಿಕ್ಕ ಹಕ್ಕಿಯ ಆಕೃತಿಯನ್ನು ಕತ್ತರಿಸಿದನು. ಅದನ್ನು ಬಿಸುಡಲು ಮನಸ್ಸಾಗದೆ, ಗೋಡೆಯ ಮೇಲಿದ್ದ ಮಾಸಲು ಗುರುತೊಂದು ಮರೆಯಾಗುವಂತೆ ಅಲ್ಲಿ ಇರಿಸಿದನು. ಬಳಿಕ ಮೀನು, ಹವಳ, ಪಾಚಿ, ಹಕ್ಕಿಗಳು ಒಂದೊಂದಾಗಿ ಸೇರಿ ಕೆಲವು ವಾರಗಳಲ್ಲಿ ಎರಡು ಗೋಡೆಗಳು ತುಂಬಿದುವು. ಮುಂದೆ ಲಂಡನ್ನಿನ ಜೀಕಾ ಆಶರ್ ಎಂಬ ವಸ್ತ್ರಮುದ್ರಕನು ಆ ಗೋಡೆಯ ಬಣ್ಣವನ್ನೇ ಹೋಲುವ ಲಿನನ್ ಬಟ್ಟೆಯ ಮೇಲೆ ಇವನ್ನು ಬಿಳಿಯ ಬಣ್ಣದಲ್ಲಿ ಮುದ್ರಿಸಿ, ತಲಾ 30 ಪ್ರತಿಗಳನ್ನು ಸಿದ್ಧಪಡಿಸಿದನು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ: ಇದು ಕುಂಚವನ್ನು ಹಿಡಿಯಲಾರದ ರೋಗಿಯ ಕಾಲಕ್ಷೇಪವಲ್ಲವೇ? ಅಲ್ಲ. 1931ರಿಂದ 1933ರವರೆಗೆ ಅಮೆರಿಕದ ಬಾರ್ನ್ಸ್ ಸಂಸ್ಥೆಗಾಗಿ ‘ನೃತ್ಯ’ವೆಂಬ ಭಿತ್ತಿಚಿತ್ರವನ್ನು ರಚಿಸುವಾಗಲೇ ಅವನು ಕಾಗದದ ತುಂಡುಗಳನ್ನು ಸರಿಸಿ ಸರಿಸಿ ಆಕೃತಿಗಳ ಸ್ಥಾನವನ್ನು ನಿಶ್ಚಯಿಸುತ್ತಿದ್ದನು. ರೋಗಕ್ಕೆ ಮುಂಚೆಯೇ ಈ ಕ್ರಮವಿದ್ದಿತು. ಮೇಲಾಗಿ, ‘ಓಶಿಯಾನಿಯಾ’ ಹುಟ್ಟಿದ ಬಳಿಕವೂ 1948ರವರೆಗೆ ಅವನು ತೈಲವರ್ಣದ ಚಿತ್ರಗಳನ್ನು ಬರೆದನು. ರೋಗವು ನಿಮಿತ್ತಮಾತ್ರವೆಂದು ಇದರಿಂದ ಸಿದ್ಧವಾಗುತ್ತದೆ.

ಎರಡನೆಯ ಆಕ್ಷೇಪವು ಇನ್ನೂ ಸೂಕ್ಷ್ಮವಾದುದು. ಹದಿನಾರು ವರ್ಷಗಳ ಹಿಂದೆ ಕಂಡುದನ್ನು ನೆನೆದು ರಚಿಸಿದುದಾದರೆ ಇದು ಬರಿಯ ಸ್ಮೃತಿಯಲ್ಲವೇ? ನೈಯಾಯಿಕರ ಪ್ರಕಾರ ಅನುಭವವು ಸಂಸ್ಕಾರವನ್ನುಳಿಸುತ್ತದೆ. ಉದ್ಬೋಧಕವು ದೊರೆತಾಗ ಆ ಸಂಸ್ಕಾರದಿಂದ ಸ್ಮೃತಿಯು ಹುಟ್ಟುತ್ತದೆ. ತಹೀತಿಯದು ಅನುಭವ, ಗೋಡೆಯ ಮೇಲಣ ಹಕ್ಕಿಯೇ ಉದ್ಬೋಧಕ. ಇಷ್ಟನ್ನು ನಾವೂ ಒಪ್ಪುವೆವು. ಆದರೆ ಸ್ಮೃತಿಯು ಮುಂಚೆ ಕಂಡ ವಿಷಯವನ್ನೇ ತೋರಬಲ್ಲುದು. ಈ ಚಿತ್ರಗಳಲ್ಲಿಯಾದರೋ ದಡವಿಲ್ಲ, ದಿಗಂತರೇಖೆಯಿಲ್ಲ, ಕಣ್ಣಿಗೆ ಎಂದಾದರೂ ಬಿದ್ದ ಒಂದು ನಿಯತಸ್ಥಳವಿಲ್ಲ. ಬರಿಯ ಗೋಡೆಯ ಬಣ್ಣವೇ ಒಂದರಲ್ಲಿ ಆಕಾಶವೂ ಇನ್ನೊಂದರಲ್ಲಿ ನೀರೂ ಆಗುತ್ತದೆ. ಹೀಗೆ ಆಗಿಸುವುದು ಆಕೃತಿಗಳ ನಡುವೆ ಬಿಟ್ಟ ಎಡೆ. ಇವನ ಇಂಥ ಕೃತಿಗಳಲ್ಲಿ ಸಹಾಯಕರು ತುಂಡುಗಳನ್ನು ಗುಂಡುಸೂಜಿಯಿಂದ ನಿಲ್ಲಿಸುವರು; ಅವನು ನೋಡಿ ಸ್ಥಾನವನ್ನು ಬದಲಾಯಿಸುತ್ತಿರುವನು. ಸ್ಮೃತಿಯು ಸಾಮಗ್ರಿಯನ್ನು ಕೊಟ್ಟಿತು. ಸನ್ನಿವೇಶವನ್ನು ಕೊಟ್ಟುದು ಪ್ರತಿಭೆ. ಬಣ್ಣದ ಹಾಳೆಯನ್ನು ನೇರವಾಗಿ ಕತ್ತರಿಸುವುದನ್ನು ಮತೀಸನು ‘ಜಾಜ್’ (1947) ಎಂಬ ಗ್ರಂಥದಲ್ಲಿ ಶಿಲ್ಪಿಯ ಕೆಲಸಕ್ಕೆ ಹೋಲಿಸಿರುವುದೂ ಇಲ್ಲಿ ಸ್ಮರಣೀಯ.

ಸಾಹಿತ್ಯವನ್ನು ಬೋಧಿಸುವ ನಮಗೆ ಇದರಿಂದೇನು? ಅಷ್ಟಾದಶವರ್ಣನೆಗಳಲ್ಲಿ ಸಮುದ್ರವರ್ಣನೆಯು ಬಂದಾಗ, ಕವಿಯು ಕಡಲನ್ನು ಕಂಡಿದ್ದನೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಕಂಡಿದ್ದನೆಂದು ಸಾಧಿಸಲು ನಾನು ಎಷ್ಟೋ ವರ್ಷ ಶ್ರಮಪಟ್ಟೆನು. ಈಗ ತೋರುವುದೇನೆಂದರೆ, ಮೀನು, ತೆರೆ, ಹವಳಗಳೆಂಬ ಪದಗಳು ಎಲ್ಲರಿಗೂ ಸಮಾನವಾದುವು. ಯಾವುದರ ಪಕ್ಕದಲ್ಲಿ ಯಾವುದನ್ನಿರಿಸಿದನು, ಎಲ್ಲಿ ಎಡೆಬಿಟ್ಟನು ಎಂಬುದೇ ಕೇಳತಕ್ಕ ಪ್ರಶ್ನೆ.