ಕಡಲು ಕಾಣದ ಊರಲ್ಲಿ ಚಂಡಮಾರುತದ ಕಾವಲು

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆ. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಇಡೀ ಮರಡಿ ಮೌನವಾಗುತ್ತದೆ. ಅವರು ನುಡಿಯುವ ಒಂದು ಸಾಲಿನ ಭವಿಷ್ಯವಾಣಿಯಾದ ‘ಕಾರ್ಣಿಕ’ದಲ್ಲಿ ರೈತ ಮೊದಲು ಹುಡುಕುವುದು ಮಳೆಯನ್ನು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ಬೆದ್ದಲು ಹೊಲಗಳೆಲ್ಲ ಮುಗಿಲು ನೆಚ್ಚಿಯೇ ಬದುಕಿವೆ. ಆ ಮುಗಿಲನ್ನು ದಿನವೂ ಓದಲು ಕಲಿಸುವ ಹವ್ಯಾಸವೊಂದಿದೆ: ಹವಾಮಾನ ವೀಕ್ಷಣೆ.

ಭರಣಿ ಮಳೆ ಹುಟ್ಟುವ ಏಪ್ರಿಲ್ ಕೊನೆಯಿಂದ ರೋಹಿಣಿ ಮುಗಿಯುವ ಜೂನ್ ಮೊದಲ ವಾರದವರೆಗೆ ಇದರ ಸುಗ್ಗಿ. ಆಗ ಬಂಗಾಳ ಕೊಲ್ಲಿ, ಅರಬ್ಬಿ ಸಮುದ್ರ ಎರಡೂ ಕಾದಿರುತ್ತವೆ. ಕಡಲ ಮೇಲ್ಮೈ 26.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ವಾಯುಭಾರ ಕುಸಿತಕ್ಕೆ ಬಲ ಸಿಗುತ್ತದೆ. ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಅದು ಚಂಡಮಾರುತ. ಆಗಲೇ ಅದಕ್ಕೊಂದು ಹೆಸರು.

ಕಡಲಿನ ಈ ಸುಳಿ ನಮ್ಮ ಹೊಲಕ್ಕೆ ಎರಡು ಬಗೆಯಲ್ಲಿ ತಟ್ಟುತ್ತದೆ. ಸಮೀಪ ಹಾದರೆ ಮೋಡ ತಂದು ಹದ ಮಳೆ ಸುರಿಸಬಹುದು. ದೂರ ಸರಿದರೆ ತೇವವನ್ನೆಲ್ಲ ತನ್ನತ್ತ ಸೆಳೆದುಕೊಂಡು ಇಲ್ಲಿ ಒಣಗಾಳಿ ಬೀಸುವಂತೆ ಮಾಡಬಹುದು. 2021ರ ಮೇ ತಿಂಗಳಲ್ಲಿ ‘ತೌಕ್ತೆ’ ನಮ್ಮ ಕರಾವಳಿಯನ್ನು ನಡುಗಿಸಿ ಗುಜರಾತಿಗೆ ಹೋಯಿತು. 2023ರ ಜೂನ್‌ನಲ್ಲಿ ‘ಬಿಪರ್‌ಜಾಯ್’ ಅರಬ್ಬಿ ಸಮುದ್ರದಲ್ಲಿದ್ದಾಗ ಮುಂಗಾರು ಕೇರಳ ಮುಟ್ಟಿದ್ದು 8ರಂದು, ವಾಡಿಕೆಗಿಂತ ಒಂದು ವಾರ ತಡವಾಗಿ. 2025ರಲ್ಲಿ ಕೊಂಕಣದ ಬಳಿ ವಾಯುಭಾರ ಕುಸಿತವಿದ್ದಾಗ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದಿಳಿಯಿತು.

ಈ ಹವ್ಯಾಸಕ್ಕೆ ಖರ್ಚಿಲ್ಲ. ನೇರ ಮೈಯ ಪ್ಲಾಸ್ಟಿಕ್ ಬಾಟಲಿಯ ಕತ್ತು ಕೊಯ್ದು, ಆ ತುಂಡನ್ನು ಆಲಿಕೆಯಂತೆ ಬೋರಲಾಗಿ ಬಾಯೊಳಗಿಡಿ. ತಳದ ಉಬ್ಬುತಗ್ಗು ಮುಚ್ಚುವಷ್ಟು ನೀರು ಹಾಕಿ ಅಲ್ಲಿ ಸೊನ್ನೆ ಗುರುತಿಸಿ, ಮೇಲಕ್ಕೆ ಮಿಲಿಮೀಟರ್ ಗೆರೆ ಅಂಟಿಸಿ. ಗೋಡೆ, ಮರಗಳಿಂದ ದೂರ, ಬಯಲಲ್ಲಿಟ್ಟು ಬೆಳಿಗ್ಗೆ 8.30ಕ್ಕೆ ಓದಿ ಬರೆದಿಡಿ. ಹವಾಮಾನ ಇಲಾಖೆಯ ಅಳತೆಯ ಹೊತ್ತೂ ಅದೇ. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಜೊತೆಗೆ ಗಾಳಿಗೆ ಬೆನ್ನುಕೊಟ್ಟು ನಿಂತು ನೋಡಿ: ವಾಯುಭಾರ ಕಡಿಮೆಯಿರುವುದು ನಿಮ್ಮ ಎಡಗಡೆಗೆ.

ಸಂಜೆ ಮೊಬೈಲಿನಲ್ಲಿ ಇನ್ಸಾಟ್ ಉಪಗ್ರಹದ ಚಿತ್ರ ನೋಡಿ. ನಿನ್ನೆ ಚದುರಿದ್ದ ಬಿಳಿ ಮೋಡಗಳು ಇಂದು ಒಂದೇ ಕಡೆ ಸುತ್ತುತ್ತಿದ್ದರೆ ಎಚ್ಚರವಹಿಸಿ. ನಮ್ಮಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ನಿಮ್ಮ ಬಾಟಲಿಯ ಲೆಕ್ಕವನ್ನು ಅವುಗಳ ಲೆಕ್ಕದೊಂದಿಗೆ ಹೋಲಿಸಬಹುದು.

ಮುನ್ನೆಚ್ಚರಿಕೆ ಕೊಡುವುದು ಇಲಾಖೆಯ ಕೆಲಸ. ಹವ್ಯಾಸಿಯ ಕೆಲಸ ನೋಡಿ, ಬರೆದಿಟ್ಟು, ಅರಿಯುವುದು. ಈ ಭರಣಿಗೇ ಒಂದು ನೋಟುಬುಕ್ ತೆರೆಯಿರಿ. ಮನೆಯ ಮಕ್ಕಳ ಕೈಗೇ ಕೊಡಿ.